ಇನ್ನೂರು ರೂಪಾಯಿಯ ಬೆಳಕಿನ ಸೆನ್ಸರ್ ಮೈಕ್ರಾನ್ ಅಳೆಯುತ್ತದೆಯೇ?

ವರ್ಕ್‌ಶಾಪ್ ನಡೆಸುವವರ, ಎಂಜಿನಿಯರಿಂಗ್ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಧಾಟಿಯ ವಿಡಿಯೋಗಳು ಆಗಾಗ ಸುತ್ತುತ್ತಿರುತ್ತವೆ. ಹೆಬ್ಬೆರಳಿನ ಉಗುರಿನಷ್ಟು ಒಂದು ಸರ್ಕ್ಯೂಟ್ ಬೋರ್ಡು, ಅದರ ಮುಂದೆ ಮೇಲೆ ಕೆಳಗೆ ಆಡುವ ಲೋಹದ ತುಂಡು, ಪಕ್ಕದ ಪರದೆಯಲ್ಲಿ ಸರಸರನೆ ಬದಲಾಗುವ ಅಂಕಿಗಳು. ಲಕ್ಷ ರೂಪಾಯಿಯ ಯಂತ್ರದ ಕೆಲಸ ಈಗ 200 ರೂಪಾಯಿಗೆ, ಓಡುವ ಭಾಗದ ಎತ್ತರವನ್ನೂ ಮೈಕ್ರಾನ್ ಲೆಕ್ಕದಲ್ಲಿ ಹೇಳುತ್ತದೆ, ಎಲ್ಲರಿಗೂ ಕಳಿಸಿ ಎಂಬ ಒಕ್ಕಣೆ. ಅದರ ಕೆಳಗೆ ಅನುಭವಸ್ಥರೊಬ್ಬರ ಉತ್ತರವೂ ಸಿದ್ಧವಾಗಿರುತ್ತದೆ: ಇವೆಲ್ಲ ಆಟಿಕೆ, ಅಗ್ಗದ್ದರಿಂದ ಏನೂ ಆಗಲ್ಲ.

ಎರಡೂ ಪೂರ್ತಿ ಸರಿಯಲ್ಲ. ಅಗ್ಗದ ಎಲ್‌ಇಡಿ, ಅಗ್ಗದ ಬೆಳಕಿನ ಗ್ರಾಹಕಗಳಿಂದ ಒಂದು ಮೈಕ್ರಾನಿನ ಅಲುಗಾಟವನ್ನು ಕಾಣಬಹುದು ಎಂಬುದು ನಿಜ. ಅದಕ್ಕಿಂತ ಎಷ್ಟೋ ಸಣ್ಣದನ್ನೂ ಕಾಣಬಹುದು. ಆದರೆ ವಿಡಿಯೋದಲ್ಲಿ ತೋರಿಸುವ ಸೆನ್ಸರ್ ಹೆಚ್ಚಿನ ಸಲ ಆ ಜಾತಿಯದ್ದೇ ಅಲ್ಲ. ಜೊತೆಗೆ, ಅಲುಗಾಟವನ್ನು ಕಾಣುವುದು ಬೇರೆ, ಆ ಭಾಗದ ಎತ್ತರ ಇಷ್ಟೇ ಎಂದು ಅಳೆದು ಹೇಳುವುದು ಬೇರೆ. ಫಾರ್ವರ್ಡ್‌ಗಳು ತಪ್ಪುವುದು ಬಹುತೇಕ ಈ ಎರಡನ್ನು ಒಂದೇ ಎಂದುಕೊಳ್ಳುವುದರಿಂದ.

ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಬೆಂಗಳೂರಿನ ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗ್‌ನಲ್ಲೋ ಜಾಬ್ ವರ್ಕ್ ಮಾಡುವ ಒಂದು ಸಣ್ಣ ಶೆಡ್‌ಗೆ 20 ಮೈಕ್ರಾನ್ ಟಾಲರೆನ್ಸ್‌ನ ಆರ್ಡರ್ ಬಂದಿದೆ ಅಂದುಕೊಳ್ಳಿ. ವಿಡಿಯೋ ನಂಬಿ, ಇಂಥ ಸೆನ್ಸರ್ ಕೂರಿಸಿ, ಅದು ಸರಿ ಎಂದ ಮಾಲನ್ನೆಲ್ಲ ಕಳಿಸಿದರೆ? ಲಾಟ್ ಪೂರ್ತಿ ರಿಜೆಕ್ಟ್ ಆಗಿ ವಾಪಸ್ ಬಂದಾಗ ಕಬ್ಬಿಣದ ದುಡ್ಡು, ಕೂಲಿ, ಸಾಗಣೆ ಎಲ್ಲವೂ ಅವರ ತಲೆಯ ಮೇಲೇ. ಹಾಗೆಯೇ, ಸಾವಿರ ರೂಪಾಯಿಯಲ್ಲಿ ಮುಗಿಯುವ ಕೆಲಸಕ್ಕೆ ಹೆದರಿ ಲಕ್ಷ ಸುರಿದರೆ ಅದೂ ನಷ್ಟವೇ.

ಮೊದಲು ಅಳತೆಯ ಅಂದಾಜು. ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ತಲೆಗೂದಲು ಸುಮಾರು 50ರಿಂದ 100 ಮೈಕ್ರಾನ್ ದಪ್ಪ. ಜೆರಾಕ್ಸ್ ಅಂಗಡಿಯ ಎ4 ಹಾಳೆ ಸುಮಾರು 100 ಮೈಕ್ರಾನ್. 500 ಹಾಳೆಯ ಕಟ್ಟನ್ನು ಸ್ಕೇಲಿನಲ್ಲಿ ಅಳೆದರೆ 5 ಸೆಂಟಿಮೀಟರ್ ಆಸುಪಾಸು ಬರುತ್ತದೆ, ನೀವೇ ನೋಡಬಹುದು. ವರ್ಕ್‌ಶಾಪಿನ ಸಾಧಾರಣ ಡಯಲ್ ಗೇಜಿನ ಒಂದು ಗೆರೆ 10 ಮೈಕ್ರಾನ್.

ವಿಡಿಯೋದಲ್ಲಿರುವ ಸೆನ್ಸರ್ ಯಾವುದು?

ಇನ್ನೂರು-ಮುನ್ನೂರು ರೂಪಾಯಿಗೆ 'ಲೇಸರ್ ಸೆನ್ಸರ್' ಎಂದು ಮಾರುವ ಪುಟ್ಟ ಬೋರ್ಡುಗಳಲ್ಲಿ ಹೆಚ್ಚಿನವು ವಿಎಲ್53ಎಲ್0ಎಕ್ಸ್ ಎಂಬ ಚಿಪ್ ಅಥವಾ ಅದರ ಅಣ್ಣತಮ್ಮಂದಿರು. ಕಣ್ಣಿಗೆ ಕಾಣದ 940 ನ್ಯಾನೋಮೀಟರಿನ ಬೆಳಕನ್ನು ಚಿಮ್ಮಿಸಿ, ಅದು ವಸ್ತುವಿಗೆ ಬಡಿದು ಹಿಂದಿರುಗಲು ಎಷ್ಟು ಹೊತ್ತಾಯಿತು ಎಂದು ಎಣಿಸುವುದು ಇದರ ಕೆಲಸ. ಬಾವಿಗೆ ಕಲ್ಲು ಹಾಕಿ ಸದ್ದು ಬರುವವರೆಗೆ ಎಣಿಸಿ ಆಳ ಅಂದಾಜು ಮಾಡುವ ಹಾಗೆ.

ತೊಂದರೆ ಏನೆಂದರೆ ಬೆಳಕಿನ ವೇಗ. ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲಿ ಬೆಳಕು ಸುಮಾರು 30 ಸೆಂಟಿಮೀಟರ್ ಹೋಗಿಬಿಡುತ್ತದೆ. ಎತ್ತರದಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸವಾದರೆ ಹೋಗಿಬರುವ ಸಮಯದಲ್ಲಿ ಆಗುವ ವ್ಯತ್ಯಾಸ 7 ಪಿಕೋಸೆಕೆಂಡಿಗೂ ಕಡಿಮೆ. ಪಿಕೋಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಮೈಕ್ರಾನ್ ಬೇಕೆಂದರೆ ಅದನ್ನು ಮತ್ತೆ ಸಾವಿರದಿಂದ ಭಾಗಿಸಬೇಕು. ಇನ್ನೂರು ರೂಪಾಯಿಯ ಚಿಪ್ಪಿಗೆ ಅದು ಸಾಧ್ಯವಿಲ್ಲ, ಅದನ್ನು ಮಾಡಿದವರು ಹಾಗೆ ಹೇಳಿಕೊಂಡೂ ಇಲ್ಲ. ಅದು ಕೊಡುವ ಅಂಕಿಯೇ ಒಂದೊಂದು ಮಿಲಿಮೀಟರಿನ ಹೆಜ್ಜೆಯಲ್ಲಿರುತ್ತದೆ. ಪರದೆಯ ಮೇಲೆ ದಶಾಂಶ ಬಿಂದುವಿನ ಆಚೆ ಮೂರು ಸ್ಥಾನ ಕಂಡರೆ ಅದು ಸರಾಸರಿ ತೆಗೆದ ಪ್ರೋಗ್ರಾಮಿನ ಕೊಡುಗೆ, ಸೆನ್ಸರಿನದ್ದಲ್ಲ.

ಇನ್ನೊಂದು ಸಂಗತಿಯನ್ನು ವಿಡಿಯೋದವರು ಹೇಳುವುದೇ ಇಲ್ಲ. ಈ ಸೆನ್ಸರ್ ಸೂಜಿಮೊನೆಯಂತೆ ಒಂದು ಬಿಂದುವನ್ನು ನೋಡುವುದಿಲ್ಲ. ಅದರ ನೋಟ ಸುಮಾರು 25 ಡಿಗ್ರಿ ಅಗಲ. 10 ಸೆಂಟಿಮೀಟರ್ ದೂರದಲ್ಲಿ ಅದು ನೋಡುವುದು ನಾಲ್ಕು ಸೆಂಟಿಮೀಟರಿಗೂ ಹೆಚ್ಚು ಅಗಲದ ವೃತ್ತವನ್ನು. ಆ ವೃತ್ತದೊಳಗೆ ಬೋಲ್ಟ್, ತೂತು, ಮೇಜು ಏನೇ ಇದ್ದರೂ ಎಲ್ಲದರಿಂದ ಬಂದ ಬೆಳಕೂ ಲೆಕ್ಕಕ್ಕೆ ಸೇರಿಹೋಗುತ್ತದೆ. ನಲ್ಲಿಯ ಕೆಳಗೆ ಕೈ ಬಂತೇ, ಟ್ಯಾಂಕಿನಲ್ಲಿ ನೀರು ಎಷ್ಟಿದೆ, ರೋಬೋಟಿನ ಮುಂದೆ ಗೋಡೆ ಇದೆಯೇ ಎಂದು ತಿಳಿಯಲು ಇದು ಬಹಳ ಒಳ್ಳೆಯ ಸೆನ್ಸರ್. ಗೇಜ್ ಮಾತ್ರ ಅಲ್ಲ.

ಫೋನಿನ 'ಅಳತೆ' ಆ್ಯಪ್‌ಗಳ ಬಗ್ಗೆಯೂ ಇಲ್ಲೇ ಹೇಳಿಬಿಡಬಹುದು. 2020ರ ಐಫೋನ್ 12 ಪ್ರೊದಿಂದ ಕೆಲವು ಫೋನ್‌ಗಳಲ್ಲಿ ಲೈಡಾರ್ ಇದೆ. ಅದೂ ಬೆಳಕಿನ ಪ್ರಯಾಣದ ಸಮಯ ಎಣಿಸುವ ಜಾತಿಯದ್ದೇ. ಸೋಫಾ ಬಾಗಿಲಲ್ಲಿ ಹಿಡಿಸುತ್ತದೆಯೇ ಎಂದು ನೋಡಲು ಸಾಕು, ಪಿಸ್ಟನ್ ಅಳೆಯಲು ಸಾಲದು.

ನೆರಳಿನಲ್ಲಿ ಅಡಗಿರುವ ಮೈಕ್ರಾನ್

ಹಾಗಾದರೆ ಅಗ್ಗದಲ್ಲಿ ಮೈಕ್ರಾನ್ ಕಾಣುವುದು ಹೇಗೆ? ಸಮಯ ಎಣಿಸುವುದನ್ನು ಬಿಟ್ಟು ನೆರಳನ್ನು ಎಣಿಸಬೇಕು.

ಹಳೆಯ ಪ್ರಿಂಟರ್ ಬಿಚ್ಚಿದರೆ ಇಂಗ್ಲಿಷಿನ 'ಯು' ಅಕ್ಷರದ ಆಕಾರದ ಕಪ್ಪು ಪ್ಲಾಸ್ಟಿಕ್ ತುಂಡುಗಳು ಸಿಗುತ್ತವೆ. ಒಂದು ಕಾಲಿನಲ್ಲಿ ಇನ್‌ಫ್ರಾರೆಡ್ ಎಲ್‌ಇಡಿ, ಎದುರಿನ ಕಾಲಿನಲ್ಲಿ ಬೆಳಕಿನ ಗ್ರಾಹಕ, ನಡುವೆ ಸಂದು. ಕಾಗದ ಬಂದಾಗ ಒಂದು ಸಣ್ಣ ಪ್ಲಾಸ್ಟಿಕ್ ರೆಕ್ಕೆ ಆ ಸಂದಿಗೆ ಅಡ್ಡ ಬರುತ್ತದೆ, ಬೆಳಕು ಕಡಿಯುತ್ತದೆ. ಸ್ಲಾಟ್ ಸೆನ್ಸರ್ ಎನ್ನುತ್ತಾರೆ. ಬಿಡಿಯಾಗಿ ಕೊಂಡರೆ ಕೆಲವು ಹತ್ತು ರೂಪಾಯಿ. ಪ್ರಿಂಟರ್ ಅದನ್ನು ಇದೆ-ಇಲ್ಲ ಎಂದು ತಿಳಿಯಲು ಮಾತ್ರ ಬಳಸುತ್ತದೆ. ಆದರೆ ಬೆಳಕು ಪೂರ್ತಿ ಬರುವುದಕ್ಕೂ ಪೂರ್ತಿ ಕಡಿಯುವುದಕ್ಕೂ ನಡುವೆ ಒಂದು ಹಂತವಿದೆಯಲ್ಲ, ಸ್ವಾರಸ್ಯವೆಲ್ಲ ಅಲ್ಲೇ ಇರುವುದು. ರೆಕ್ಕೆಯ ಅಂಚು ಸಂದಿನ ಕಿಂಡಿಯನ್ನು ಅರ್ಧ ಮುಚ್ಚಿದರೆ ಬೆಳಕೂ ಸರಿಸುಮಾರು ಅರ್ಧ. ಅಂಚು ಒಂದಿಷ್ಟೇ ಕೆಳಗಿಳಿದರೆ ಬೆಳಕೂ ಅಷ್ಟೇ ಕಡಿಮೆ.

ಲೆಕ್ಕ ಹಾಕೋಣ. ಕಿಂಡಿಯ ಎತ್ತರ ಅರ್ಧ ಮಿಲಿಮೀಟರ್, ಅಂದರೆ 500 ಮೈಕ್ರಾನ್. ಆರ್ಡುಯಿನೋ ಯೂನೋ ಬೋರ್ಡು ವೋಲ್ಟೇಜನ್ನು 1024 ಮೆಟ್ಟಿಲುಗಳಾಗಿ ಓದುತ್ತದೆ. 500ನ್ನು 1024ರಿಂದ ಭಾಗಿಸಿದರೆ ಒಂದು ಮೆಟ್ಟಿಲು ಅರ್ಧ ಮೈಕ್ರಾನ್! ಚಲಿಸುವ ಭಾಗಕ್ಕೆ ಬ್ಲೇಡಿನ ಅಂಚಿನಂಥ ಒಂದು ರೆಕ್ಕೆ ಅಂಟಿಸಿದರೆ ಅದರ ಏರಿಳಿತ ಮೈಕ್ರಾನ್ ಲೆಕ್ಕದಲ್ಲಿ ಪರದೆಯ ಮೇಲೆ ಬರುತ್ತದೆ. ಭಾಗದ ಬಣ್ಣ ಕಪ್ಪೋ ಬಿಳಿಯೋ, ಹೊಳಪಿದೆಯೋ ಎಣ್ಣೆ ಮೆತ್ತಿದೆಯೋ ಎಂಬ ಚಿಂತೆ ಇಲ್ಲ. ನೆರಳಿಗೆ ಬಣ್ಣವಿಲ್ಲ.

ಇದು ಬಡವರ ಉಪಾಯ ಎಂದು ಮೂಗು ಮುರಿಯಬೇಡಿ. 2015ರಲ್ಲಿ ಗುರುತ್ವದ ಅಲೆಗಳನ್ನು ಮೊದಲ ಬಾರಿಗೆ ಹಿಡಿದ ಅಮೆರಿಕದ ಲೈಗೊ ವೀಕ್ಷಣಾಲಯದಲ್ಲಿ, ತೂಗುಬಿಟ್ಟ ಕನ್ನಡಿಗಳು ಓಲಾಡದಂತೆ ಕಾಯುವ ಸೆನ್ಸರ್‌ಗಳು ಇದೇ ತತ್ವದವು: ಒಂದು ಎಲ್‌ಇಡಿ, ಎದುರಿಗೆ ಒಂದು ಫೋಟೋಡಯೋಡ್, ನಡುವೆ ಬೆಳಕನ್ನು ಅರ್ಧ ಮುಚ್ಚುವ ಒಂದು ಅಡ್ಡಿ. ಅವು ಮೈಕ್ರಾನಿನ ಸಾವಿರದ ಒಂದು ಪಾಲಿಗಿಂತ ಸಣ್ಣ ಚಲನೆಯನ್ನೂ ಕಾಣುತ್ತವೆ. ಅಲೆಯನ್ನು ಹಿಡಿದದ್ದು ಅವಲ್ಲ, ಅದು ಲೇಸರ್ ಇಂಟರ್‌ಫೆರೋಮೀಟರಿನ ಕೆಲಸ. ಆದರೆ ಕನ್ನಡಿಯನ್ನು ತೆಪ್ಪಗಿರಿಸಲು ನೆರಳೇ ಸಾಕಾಯಿತು. ಅಂಥದ್ದೇ ವೀಕ್ಷಣಾಲಯ ಲೈಗೊ-ಇಂಡಿಯಾ ಹೆಸರಿನಲ್ಲಿ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಗೆ ಬರಲಿದೆ.

ಅಲ್ಲಿನವರು ಬಿಡಿಭಾಗಗಳನ್ನು ಆರಿಸಿ, ಎಲ್‌ಇಡಿಗೆ ಅಲುಗದ ಕರೆಂಟ್ ಕೊಟ್ಟು, ಸದ್ದಿಲ್ಲದ ಆಂಪ್ಲಿಫೈಯರ್ ಕಟ್ಟಿರುತ್ತಾರೆ. ನಮ್ಮ ಆರ್ಡುಯಿನೋದಲ್ಲಿ ಹಾಗಲ್ಲ. ಇನ್‌ಫ್ರಾರೆಡ್ ಎಲ್‌ಇಡಿ ಬಿಸಿಯಾದಂತೆ ಮಂಕಾಗುತ್ತದೆ, ಸಾಮಾನ್ಯವಾಗಿ ಒಂದು ಡಿಗ್ರಿಗೆ ಶೇಕಡಾ ಅರ್ಧದಷ್ಟು. ಕಿಂಡಿ ಅರ್ಧ ತೆರೆದಿದ್ದರೆ ಆ ಶೇಕಡಾ ಅರ್ಧ ಸುಮಾರು 1.25 ಮೈಕ್ರಾನಿಗೆ ಸಮ. ಬೆಳಗಿನಿಂದ ಮಧ್ಯಾಹ್ನಕ್ಕೆ ಶೆಡ್ 10 ಡಿಗ್ರಿ ಕಾದರೆ, ಭಾಗ ಕದಲದೇ ಇದ್ದರೂ ನಿಮ್ಮ ಅಂಕಿ 12 ಮೈಕ್ರಾನ್ ಸರಿದಿರುತ್ತದೆ. 20 ಮೈಕ್ರಾನ್ ಟಾಲರೆನ್ಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಯಿತು.

ಇದಕ್ಕೆ ಮದ್ದಿದೆ, ಅದೂ ಅಗ್ಗದ್ದೇ. ಒಂದರ ಬದಲು ಎರಡು ಫೋಟೋಡಯೋಡ್ ಒಂದರ ಮೇಲೊಂದು ಇಡಿ. ಅಂಚು ಇಳಿದರೆ ಒಂದಕ್ಕೆ ಬೆಳಕು ಕಡಿಮೆಯಾಗುತ್ತದೆ, ಇನ್ನೊಂದಕ್ಕೆ ಆಗುವುದಿಲ್ಲ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಎಲ್‌ಇಡಿ ಮಂಕಾದದ್ದು ಮೇಲೆ ಕೆಳಗೆ ಎರಡೂ ಕಡೆ ಹೊಡೆದುಹೋಗುತ್ತದೆ. ಟ್ಯೂಬ್‌ಲೈಟಿನ ಬೆಳಕು ಬಿದ್ದು ಅಂಕಿ ಕುಣಿಯುತ್ತಿದ್ದರೆ ಎಲ್‌ಇಡಿಯನ್ನು ಬೇಗಬೇಗ ಹೊತ್ತಿಸಿ ಆರಿಸಿ, ಹೊತ್ತಿದಾಗಿನ ಓದಿನಿಂದ ಆರಿದಾಗಿನ ಓದನ್ನು ಕಳೆಯಬೇಕು. ಟಿವಿ ರಿಮೋಟ್ ಕೂಡ ಕೋಣೆಯ ಬೆಳಕಿನ ನಡುವೆ ಕೆಲಸ ಮಾಡುವುದು ಹೀಗೆ ಮಿಟುಕಿಸಿಯೇ.

ರೆಕ್ಕೆ ಅಂಟಿಸಲಾಗದ ಕಡೆ ಬೆಳಕನ್ನು ಭಾಗದ ಮೇಲೇ ಬೀರಿ, ಎಷ್ಟು ಪ್ರತಿಫಲಿಸಿತು ಎಂದು ನೋಡುವ ಸೆನ್ಸರ್‌ಗಳಿವೆ. ಕಾಲೇಜಿನ ಲೈನ್ ಫಾಲೋವರ್ ರೋಬೋಟುಗಳಲ್ಲಿರುವ ಟಿಸಿಆರ್‌ಟಿ5000 ಅಂಥದ್ದು. ಇದರಲ್ಲೊಂದು ಬಲೆಯಿದೆ: ಸುಮಾರು ಎರಡೂವರೆ ಮಿಲಿಮೀಟರ್ ದೂರದಲ್ಲಿ ಅದರ ಓದು ಗರಿಷ್ಠ. ಅದಕ್ಕಿಂತ ಹತ್ತಿರ ಬಂದರೂ ಕಡಿಮೆ, ದೂರ ಹೋದರೂ ಕಡಿಮೆ. ಹಾಗಾಗಿ ಒಂದೇ ಅಂಕಿಗೆ ಎರಡು ಎತ್ತರಗಳಿರುತ್ತವೆ! ಭಾಗದ ಮೇಲೆ ಎಣ್ಣೆಯ ಒಂದು ಹನಿ ಬಿದ್ದರೂ ಲೆಕ್ಕ ಬದಲು. ತಾನಾಗಿಯೇ ನುಡಿಯುವ ಯಮಹಾ ಕಂಪನಿಯ ಡಿಸ್ಕ್‌ಲೇವಿಯರ್ ಪಿಯಾನೋದಲ್ಲಿ ಕೀಲಿಗಳ ಚಲನೆಯನ್ನು ಹಿಡಿಯುವುದೂ ಬೆಳಕಿನ ಸೆನ್ಸರ್‌ಗಳೇ. ಅಲ್ಲಿ ಕೀಲಿ ಇಳಿಯುವುದು ಸುಮಾರು 10 ಮಿಲಿಮೀಟರ್, ಕೇಳುಗನಿಗೆ ಮುಖ್ಯವಾದದ್ದು ಅದು ಎಷ್ಟು ವೇಗವಾಗಿ ಇಳಿಯಿತು ಎಂಬುದು. ಮೈಕ್ರಾನ್ ಯಾರಿಗೂ ಬೇಕಿಲ್ಲ.

ಸಿಡಿ ಪ್ಲೇಯರ್ ಮಾಡಿದ್ದ ಪವಾಡ

ಓಡುವ ವಸ್ತುವಿನ ಎತ್ತರವನ್ನು ಮೈಕ್ರಾನಿನಷ್ಟು ನಿಖರವಾಗಿ ಹಿಂಬಾಲಿಸುವ ಯಂತ್ರ ನಿಮ್ಮ ಮನೆಯಲ್ಲೇ ಇತ್ತು. ಅಣ್ಣಾವ್ರ ಹಾಡು ಕೇಳುತ್ತಿದ್ದ ಸಿಡಿ ಪ್ಲೇಯರ್!

1982ರಲ್ಲಿ ಸಿಡಿ ಮಾರುಕಟ್ಟೆಗೆ ಬಂತು. ತಟ್ಟೆ ನಿಮಿಷಕ್ಕೆ 200ರಿಂದ 500 ಸುತ್ತು ತಿರುಗುತ್ತದೆ. ಯಾವ ತಟ್ಟೆಯೂ ಪೂರ್ತಿ ಸಪಾಟಲ್ಲ, ತಿರುಗುವಾಗ ಅದರ ಅಂಚು ಅರ್ಧ ಮಿಲಿಮೀಟರಿನಷ್ಟು ಮೇಲೆ ಕೆಳಗೆ ಆಡಬಹುದು. ಆದರೆ ಲೇಸರಿನ ಫೋಕಸ್ ಒಂದೆರಡು ಮೈಕ್ರಾನ್ ತಪ್ಪಿದರೂ ಹಾಡು ನಿಲ್ಲುತ್ತದೆ. ಅಂದರೆ ತಟ್ಟೆಯ ಆಟಕ್ಕೆ ತಕ್ಕಂತೆ ಲೆನ್ಸ್ ಕೂಡ ಸತತವಾಗಿ ಏರಿಳಿಯಬೇಕು. ತಟ್ಟೆ ಎತ್ತ ಸರಿಯಿತು ಎಂದು ಲೆನ್ಸಿಗೆ ಹೇಳುವವರು ಯಾರು?

ಉತ್ತರ ನಿಮ್ಮ ಕನ್ನಡಕದ ಚೀಟಿಯಲ್ಲಿದೆ. ಕೆಲವರ ಚೀಟಿಯಲ್ಲಿ 'ಸಿಲಿಂಡರ್' ಪವರ್ ಎಂದು ಬರೆದಿರುತ್ತಾರೆ. ಕಣ್ಣು ಅಡ್ಡ ಗೆರೆಯನ್ನು ಒಂದು ದೂರದಲ್ಲಿ, ಲಂಬ ಗೆರೆಯನ್ನು ಇನ್ನೊಂದು ದೂರದಲ್ಲಿ ಫೋಕಸ್ ಮಾಡುವ ದೋಷ ಅದು, ಆಸ್ಟಿಗ್ಮ್ಯಾಟಿಸಂ. ಬಹುತೇಕ ಸಿಡಿ ಪ್ಲೇಯರ್‌ಗಳಲ್ಲಿ ಈ ದೋಷವನ್ನು ಬೇಕೆಂದೇ ತಂದಿರುತ್ತಾರೆ. ತಟ್ಟೆಯಿಂದ ಮರಳಿದ ಬೆಳಕು ನಾಲ್ಕು ಪಾಲಾದ ಗ್ರಾಹಕದ ಮೇಲೆ ಬೀಳುತ್ತದೆ. ತಟ್ಟೆ ಸರಿಯಾದ ಎತ್ತರದಲ್ಲಿದ್ದರೆ ಬೆಳಕಿನ ಚುಕ್ಕೆ ದುಂಡಗೆ, ನಾಲ್ಕೂ ಪಾಲಿಗೆ ಸಮ. ಹತ್ತಿರ ಬಂದರೆ ಚುಕ್ಕೆ ಒಂದು ಓರೆಗೆ ಮೊಟ್ಟೆಯಂತೆ ಉದ್ದವಾಗುತ್ತದೆ, ದೂರ ಹೋದರೆ ಇನ್ನೊಂದು ಓರೆಗೆ. ಎದುರುಬದುರಿನ ಎರಡು ಪಾಲುಗಳ ಮೊತ್ತದಿಂದ ಉಳಿದೆರಡರ ಮೊತ್ತವನ್ನು ಕಳೆದರೆ ಎಷ್ಟು ಸರಿದಿದೆ, ಯಾವ ಕಡೆಗೆ ಎಂಬುದು ಒಂದೇ ವೋಲ್ಟೇಜಿನಲ್ಲಿ ಸಿಗುತ್ತದೆ. ಆ ವೋಲ್ಟೇಜೇ ಲೆನ್ಸಿನ ಸುರುಳಿಯನ್ನು ತಳ್ಳಿ ಎಳೆಯುತ್ತದೆ. ಅಳತೆಯ ಇತಿಹಾಸದಲ್ಲಿ ಇಷ್ಟು ಜಾಣ ಉಪಾಯ ಇಷ್ಟು ಅಗ್ಗವಾಗಿ ಮನೆಮನೆ ತಲುಪಿದ್ದು ಅಪರೂಪ.

ತೈವಾನ್ ಮತ್ತು ಡೆನ್ಮಾರ್ಕ್‌ನ ಸಂಶೋಧಕರು ಡಿವಿಡಿ ಡ್ರೈವಿನ ಇದೇ ಭಾಗವನ್ನು ಬಳಸಿ, ಪರಮಾಣುಗಳ ಎತ್ತರದ ಪದರಗಳನ್ನು ತಡಕಿ ನೋಡುವ ಸೂಕ್ಷ್ಮದರ್ಶಕಗಳನ್ನೇ ಕಟ್ಟಿದ್ದಾರೆ. ಹಾಗಾದರೆ ಗುಜರಿಯಿಂದ ಒಂದು ಡಿವಿಡಿ ಡ್ರೈವ್ ತಂದರೆ ನಮ್ಮ ಗೇಜ್ ಸಿದ್ಧವೇ? ಒಂದು ಮಿತಿಯಿದೆ. ಈ ವೋಲ್ಟೇಜ್ ನೇರ ಗೆರೆಯಂತೆ ಬದಲಾಗುವುದು ಕೆಲವೇ ಮೈಕ್ರಾನ್‌ಗಳ ವ್ಯಾಪ್ತಿಯಲ್ಲಿ. ಅದರಾಚೆ ಅದಕ್ಕೆ ಏನೂ ಕಾಣದು. ಲೆನ್ಸನ್ನು ತಾನೇ ಹಿಂಬಾಲಿಸುವಂತೆ ಮಾಡಿ, ಲೆನ್ಸ್ ಎಷ್ಟು ಸರಿಯಿತು ಎಂಬುದನ್ನು ಮತ್ತೊಂದು ದಾರಿಯಲ್ಲಿ ಅಳೆಯಬೇಕು. ಅದು ಒಂದು ಭಾನುವಾರದ ಕೆಲಸವಲ್ಲ.

ಓರೆಯಿಂದ ನೋಡುವುದು

ಕಾರ್ಖಾನೆಗಳ ದುಬಾರಿ 'ಲೇಸರ್ ಡಿಸ್‌ಪ್ಲೇಸ್‌ಮೆಂಟ್ ಸೆನ್ಸರ್' ನೆರಳನ್ನೂ ಎಣಿಸುವುದಿಲ್ಲ, ಸಮಯವನ್ನೂ ಎಣಿಸುವುದಿಲ್ಲ. ಅದು ಕೋನವನ್ನು ನೋಡುತ್ತದೆ. ಲೇಸರ್ ಚುಕ್ಕೆ ನೇರ ಮೇಲಿನಿಂದ ಬೀಳುತ್ತದೆ, ಕ್ಯಾಮೆರಾ ಓರೆಯಿಂದ ನೋಡುತ್ತದೆ. ಭಾಗ ಎತ್ತರವಾದರೆ ಚುಕ್ಕೆ ಕ್ಯಾಮೆರಾದಲ್ಲಿ ಪಕ್ಕಕ್ಕೆ ಸರಿದಂತೆ ಕಾಣುತ್ತದೆ.

ಇದನ್ನು ವೆಬ್‌ಕ್ಯಾಮಿನಲ್ಲಿ ಮಾಡಬಹುದೇ? 45 ಡಿಗ್ರಿ ಓರೆ, ಚಿತ್ರ ನಿಜಗಾತ್ರದ ಅರ್ಧ, ಪಿಕ್ಸೆಲ್ ಅಗಲ 3 ಮೈಕ್ರಾನ್ ಎಂದಿಟ್ಟುಕೊಂಡರೆ 10 ಮೈಕ್ರಾನ್ ಎತ್ತರದ ಬದಲಾವಣೆ ಸುಮಾರು ಒಂದು ಪಿಕ್ಸೆಲ್ಲಿನಷ್ಟು ಸರಿತ. ಚುಕ್ಕೆ ಹಲವು ಪಿಕ್ಸೆಲ್‌ಗಳ ಮೇಲೆ ಹರಡಿರುವುದರಿಂದ ಅದರ ನಡುಬಿಂದುವನ್ನು ಪಿಕ್ಸೆಲ್ಲಿನ ಹತ್ತನೇ ಒಂದು ಪಾಲಿನಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕಬಹುದು. ಕಾಗದದ ಮೇಲೆ ಒಂದು ಮೈಕ್ರಾನ್ ಬಂತು. 640 ಪಿಕ್ಸೆಲ್ ಅಗಲದ ಚಿತ್ರದಲ್ಲಿ 5 ಮಿಲಿಮೀಟರ್ ವ್ಯಾಪ್ತಿಯೂ ಸಿಕ್ಕಿತು, ನೆರಳಿನ ಉಪಾಯಕ್ಕಿಂತ ಹತ್ತು ಪಟ್ಟು.

ಕಾಗದದಿಂದ ಮೇಜಿಗೆ ಬಂದಾಗ ಅಡ್ಡ ನಿಲ್ಲುವುದು ಲೇಸರ್ ಬೆಳಕಿನ ಒಂದು ಗುಣ. ಗೋಡೆಯ ಮೇಲೆ ಲೇಸರ್ ಬಿಟ್ಟರೆ ಚುಕ್ಕೆಯೊಳಗೆ ಸಕ್ಕರೆ ಹರಳಿನಂಥ ಮಿನುಗು ಕಾಣುತ್ತದಲ್ಲ? ಒರಟು ಮೇಲ್ಮೈಯಿಂದ ಬಂದ ಬೆಳಕಿನ ಅಲೆಗಳು ಒಂದನ್ನೊಂದು ಕೂಡಿ, ಕಳೆದು ಮಾಡುವ ಗದ್ದಲ ಅದು, ಸ್ಪೆಕಲ್ ಎನ್ನುತ್ತಾರೆ. ಇದರಿಂದ ಚುಕ್ಕೆಯ ನಡುಬಿಂದು ತಾನಾಗಿಯೇ ಅತ್ತಿತ್ತ ವಾಲುತ್ತದೆ, ಅಗ್ಗದ ಲೆನ್ಸಿನಲ್ಲಿ ಕೆಲವು ಮೈಕ್ರಾನಿನಷ್ಟು ತಪ್ಪು ಬರುತ್ತದೆ. ಪಿಕ್ಸೆಲ್ ಎಷ್ಟು ಹೆಚ್ಚಿಸಿದರೂ ಇದು ಹೋಗದು. ವಿಚಿತ್ರವೆಂದರೆ, ಭಾಗ ಪಕ್ಕಕ್ಕೆ ಚಲಿಸುತ್ತಿದ್ದರೆ ಮಿನುಗು ಬದಲಾಗುತ್ತಾ ಹೋಗಿ ಸರಾಸರಿಯಲ್ಲಿ ತಪ್ಪು ತಗ್ಗುತ್ತದೆ. ಚಲನೆ ಅಳತೆಗೆ ಸಹಾಯ ಮಾಡುವ ಅಪರೂಪದ ಸಂದರ್ಭ ಇದು. ಕನ್ನಡಿಯಂತೆ ಹೊಳೆಯುವ ಅಥವಾ ಗಾಜಿನಂಥ ಭಾಗವಾದರೆ ಚುಕ್ಕೆ ಕ್ಯಾಮೆರಾಗೆ ಕಾಣದೇ ಹೋಗಬಹುದು, ಅಥವಾ ಎರಡು ಚುಕ್ಕೆ ಕಾಣಬಹುದು.

ಭಾಗ ಓಡುತ್ತಿದ್ದರೆ?

ನಿಂತ ವಸ್ತುವನ್ನು ತೋರಿಸಿ ಓಡುವ ವಸ್ತುವಿಗೂ ಆಗುತ್ತದೆ ಎನ್ನುವ ವಿಡಿಯೋಗಳೇ ಹೆಚ್ಚು. ಸೆಕೆಂಡಿಗೆ ಅರ್ಧ ಮೀಟರ್ ಸರಿಯುವ ಬೆಲ್ಟಿನ ಮೇಲೆ ಭಾಗ ಬರುತ್ತಿದೆ ಎನ್ನಿ. ಮೊದಲು ಹೇಳಿದ ವಿಎಲ್53ಎಲ್0ಎಕ್ಸ್ ಒಂದು ಓದಿಗೆ ಸಾಮಾನ್ಯವಾಗಿ ಸುಮಾರು 33 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಭಾಗ 16 ಮಿಲಿಮೀಟರ್ ಮುಂದೆ ಹೋಗಿರುತ್ತದೆ. ವೆಬ್‌ಕ್ಯಾಮಿನ ಕಥೆಯೂ ಅಷ್ಟೇ, ಚಿತ್ರ ಕಲಸಿಹೋಗುತ್ತದೆ. ಎಲ್‌ಇಡಿಯನ್ನು ಸೆಕೆಂಡಿನ ಲಕ್ಷದ ಒಂದು ಪಾಲಿನಷ್ಟು ಹೊತ್ತು ಮಾತ್ರ ಜೋರಾಗಿ ಮಿಂಚಿಸಿದರೆ ಅದೇ ಭಾಗ 5 ಮೈಕ್ರಾನ್ ಮಾತ್ರ ಸರಿದಿರುತ್ತದೆ. ಚಿತ್ರ ನಿಂತಂತೆ ಸಿಗುತ್ತದೆ. ಫೋಟೋಡಯೋಡ್ ಇರುವ ನೆರಳಿನ ಸೆನ್ಸರಿಗೆ ಈ ತೊಂದರೆ ಕಡಿಮೆ, ಅದು ಬೆಳಕಿನ ಬದಲಾವಣೆಗೆ ಥಟ್ಟನೆ ಸ್ಪಂದಿಸುತ್ತದೆ.

ತಿರುಗುವ ಭಾಗಗಳಲ್ಲಿ ಇನ್ನೂ ಮೋಸದ ತಪ್ಪೊಂದಿದೆ. ನಿಮಿಷಕ್ಕೆ 3000 ಸುತ್ತು ತಿರುಗುವ ಸ್ಪಿಂಡಲ್ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ನಿಮ್ಮ ಸೆನ್ಸರ್ ಕೂಡ ಸೆಕೆಂಡಿಗೆ ಸರಿಯಾಗಿ 50 ಸಲ ಓದುತ್ತಿದ್ದರೆ ಪ್ರತಿ ಸಲವೂ ಅದಕ್ಕೆ ಸಿಗುವುದು ಸ್ಪಿಂಡಲಿನ ಅದೇ ಜಾಗ. ಸ್ಪಿಂಡಲ್ 100 ಮೈಕ್ರಾನ್ ಓಲಾಡುತ್ತಿದ್ದರೂ ಪರದೆ ಸೊನ್ನೆ ಎನ್ನುತ್ತದೆ! ಚೋಕ್ ಇರುವ ಹಳೆಯ ಟ್ಯೂಬ್‌ಲೈಟಿನ ಕೆಳಗೆ ತಿರುಗುವ ಲೇತ್ ಚಕ್ ನಿಂತಂತೆ ಕಾಣುವುದಕ್ಕೂ ಇದೇ ಕಾರಣ. ನಿಂತಿದೆ ಎಂದುಕೊಂಡು ಕೈ ಹಾಕುವ ಅಪಾಯವಿರುವುದರಿಂದಲೇ ಲೇತ್ ಬಳಿ ಬೇರೆ ಬಗೆಯ ದೀಪ ಹಾಕಿ ಎನ್ನುತ್ತಾರೆ. ಓದುವ ವೇಗ ತಿರುಗುವ ವೇಗಕ್ಕಿಂತ ಹತ್ತಾರು ಪಟ್ಟು ಇರಲಿ, ಅದರ ಸರಿಯಾದ ಗುಣಕವಾಗಿರದಿದ್ದರೆ ಇನ್ನೂ ಒಳ್ಳೆಯದು.

ಮೈಕ್ರಾನ್ ಕಳೆದುಹೋಗುವುದು ಸೆನ್ಸರಿನ ಹೊರಗೆ

ಗೋಡೆ ಗಡಿಯಾರಕ್ಕೆ ಸೆಕೆಂಡಿನ ಮುಳ್ಳಿದೆ ಎಂದ ಮಾತ್ರಕ್ಕೆ ಅದು ಸೆಕೆಂಡಿನಷ್ಟು ಸರಿಯಾದ ಸಮಯ ತೋರಿಸುತ್ತದೆ ಎನ್ನಲಾಗದು. ಎಷ್ಟೋ ಮನೆಗಳಲ್ಲಿ ಗಡಿಯಾರವನ್ನು ಐದು ನಿಮಿಷ ಮುಂದೆಯೇ ಇಟ್ಟಿರುತ್ತಾರೆ. ಸೆನ್ಸರ್ ಜಾಹೀರಾತಿನಲ್ಲಿ ಬರುವ 'ರೆಸಲ್ಯೂಷನ್' ಈ ಸೆಕೆಂಡಿನ ಮುಳ್ಳಿದ್ದಂತೆ. ನಿಖರತೆ ಬೇರೆ ಮಾತು.

ಅಳತೆಗೆ ಎಲ್ಲರೂ ಒಪ್ಪಿದ ತಾಪಮಾನ 20 ಡಿಗ್ರಿ ಸೆಲ್ಸಿಯಸ್ ಎಂದು 1931ರಲ್ಲೇ ಅಂತಾರಾಷ್ಟ್ರೀಯವಾಗಿ ತೀರ್ಮಾನವಾಯಿತು. 100 ಮಿಲಿಮೀಟರಿನ ಉಕ್ಕಿನ ತುಂಡು 30 ಡಿಗ್ರಿಯಲ್ಲಿ ಸುಮಾರು 12 ಮೈಕ್ರಾನ್ ಹಿಗ್ಗಿರುತ್ತದೆ, ಅಲ್ಯೂಮಿನಿಯಂ ಆದರೆ 23. ಇನ್ನು ಸೆನ್ಸರನ್ನು ಹಿಡಿದಿರುವ ಸ್ಟ್ಯಾಂಡ್? ವಿಡಿಯೋಗಳಲ್ಲಿ ಅದು ಹೆಚ್ಚಾಗಿ 3ಡಿ ಪ್ರಿಂಟರಿನಲ್ಲಿ ಮಾಡಿದ ಪಿಎಲ್ಎ ಪ್ಲಾಸ್ಟಿಕ್. ಅದು ಉಕ್ಕಿಗಿಂತ ಐದಾರು ಪಟ್ಟು ಹಿಗ್ಗುತ್ತದೆ: 100 ಮಿಲಿಮೀಟರಿನ ಸ್ಟ್ಯಾಂಡ್ 10 ಡಿಗ್ರಿಗೆ 70 ಮೈಕ್ರಾನ್ ಆಸುಪಾಸು. ಲೇಸರ್ ಎಷ್ಟೇ ಒಳ್ಳೆಯದಿರಲಿ, ಅದು ನಿಂತ ನೆಲವೇ ಏಳುತ್ತಿದ್ದರೆ ಏನು ಪ್ರಯೋಜನ?

ಎರಡನೆಯದು ವಾಲುವಿಕೆ. ಜರ್ಮನಿಯ ಅರ್ನ್ಸ್ಟ್ ಅಬ್ಬೆ 1890ರಲ್ಲೇ ಹೇಳಿದ ನಿಯಮವಿದೆ: ಅಳೆಯಬೇಕಾದ ಜಾಗದ ನೇರಕ್ಕೇ ಅಳತೆಪಟ್ಟಿ ಇರಬೇಕು. ಸೆನ್ಸರನ್ನು 50 ಮಿಲಿಮೀಟರ್ ಪಕ್ಕದಲ್ಲಿಟ್ಟು, ಭಾಗ ಡಿಗ್ರಿಯ ಅರವತ್ತನೇ ಒಂದು ಪಾಲು ವಾಲಿದರೆ ಸಾಕು, 15 ಮೈಕ್ರಾನ್ ತಪ್ಪು ಬಂತು. ಇದಕ್ಕೆ ದುಡ್ಡೇನೂ ಬೇಡ, ಸೆನ್ಸರನ್ನು ಸರಿಯಾದ ಜಾಗದಲ್ಲಿಡಬೇಕು ಅಷ್ಟೇ. ಆದರೂ ಹೆಚ್ಚು ಕಡೆಗಣಿಸುವುದು ಇದನ್ನೇ.

ಹಾಗಾದರೆ ಅಗ್ಗದ ಸೆನ್ಸರ್ ಎಲ್ಲಿ ನಿಜಕ್ಕೂ ಉಪಯೋಗ? ನಮ್ಮ ಅಭಿಪ್ರಾಯದಲ್ಲಿ, ಹೋಲಿಸಿ ನೋಡುವ ಕೆಲಸದಲ್ಲಿ. ಮೊದಲೇ ಸರಿಯಾಗಿ ಅಳೆಸಿಟ್ಟ ಒಂದು ಮಾಸ್ಟರ್ ತುಂಡನ್ನು, ಮಾಲಿನದ್ದೇ ಲೋಹದ್ದನ್ನು, ಅದೇ ಶೆಡ್ಡಿನಲ್ಲಿ ಅದೇ ಬಿಸಿಯಲ್ಲಿ ಇಡಿ. ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಅದನ್ನು ಸೆನ್ಸರಿನ ಕೆಳಗಿಟ್ಟು ಸೊನ್ನೆ ಮಾಡಿಕೊಳ್ಳಿ. ಉಳಿದ ತುಂಡುಗಳು ಅದಕ್ಕಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದಷ್ಟೇ ನೋಡಿ. ಎಲ್‌ಇಡಿ ಮಂಕಾದದ್ದು, ಸ್ಟ್ಯಾಂಡ್ ಹಿಗ್ಗಿದ್ದು, ಉಕ್ಕು ಹಿಗ್ಗಿದ್ದು ಎಲ್ಲವೂ ಇಬ್ಬರಿಗೂ ಸಮನಾಗಿ ಬಂದು ಬಹುಪಾಲು ವಜಾ ಆಗುತ್ತದೆ. ಎರಡು ಡಯೋಡಿನ ನೆರಳಿನ ಸೆನ್ಸರ್ ಹೀಗೆ ಬಳಸಿದರೆ ಕೆಲವು ಮೈಕ್ರಾನ್‌ಗಳ ಮಾತನ್ನು ಧೈರ್ಯವಾಗಿ ಆಡಬಹುದು.

ಕಣ್ಣು ಜೋಕೆ

ಈ ವಿಡಿಯೋಗಳನ್ನು ನೋಡಿ ಹುಡುಗರು ಹಳೆಯ ಡಿವಿಡಿ ರೈಟರ್ ಬಿಚ್ಚಿ ಲೇಸರ್ ಹೊರತೆಗೆಯುತ್ತಾರೆ. ಡಿವಿಡಿ ಬರೆಯುವ ಕೆಂಪು ಲೇಸರ್ 100 ಮಿಲಿವ್ಯಾಟ್ ದಾಟುತ್ತದೆ. ಕಣ್ಣು ತಾನಾಗಿ ರೆಪ್ಪೆ ಮುಚ್ಚಿ ಬಚಾವಾಗಬಲ್ಲ ಮಿತಿ, ಕಾಣುವ ಬೆಳಕಿಗೆ, 1 ಮಿಲಿವ್ಯಾಟ್. ಸಿಡಿಯ 780 ನ್ಯಾನೋಮೀಟರಿನ ಬೆಳಕು ಇನ್ನೂ ಮೋಸದ್ದು: ಕಣ್ಣಿಗೆ ಮಂಕಾದ ಕೆಂಪಾಗಿ ಕಾಣುವುದರಿಂದ ರೆಪ್ಪೆ ಮುಚ್ಚಬೇಕೆಂದೇ ಅನ್ನಿಸುವುದಿಲ್ಲ. ಸುಟ್ಟ ರೆಟಿನಾ ಸರಿಹೋಗದೇ ಇರಬಹುದು. ಡಬ್ಬಿಯ ಮೇಲೆ 5 ಮಿಲಿವ್ಯಾಟಿಗಿಂತ ಕಡಿಮೆ ಎಂದು ಬರೆದ ಪಾಯಿಂಟರುಗಳನ್ನೂ ನಂಬುವಂತಿಲ್ಲ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 122 ಲೇಸರ್ ಪಾಯಿಂಟರುಗಳನ್ನು ಪರೀಕ್ಷಿಸಿ 2013ರಲ್ಲಿ ಹೇಳಿದ ಪ್ರಕಾರ, ಹಸಿರಿನಲ್ಲಿ ಸುಮಾರು ಶೇಕಡಾ 90, ಕೆಂಪಿನಲ್ಲಿ ಶೇಕಡಾ 44 ನಿಯಮ ಮೀರಿದ್ದವು. ವಿಎಲ್53ಎಲ್0ಎಕ್ಸ್‌ನಂಥ ಚಿಪ್‌ಗಳು ಮಾತ್ರ ಕ್ಲಾಸ್ 1, ಮಾಮೂಲಿ ಬಳಕೆಯಲ್ಲಿ ಕಣ್ಣಿಗೆ ಅಪಾಯವಿಲ್ಲ. ನೆರಳಿನ ಉಪಾಯಕ್ಕಂತೂ ಲೇಸರೇ ಬೇಕಿಲ್ಲ.

ನೀವೇ ಪರೀಕ್ಷಿಸುವುದು ಹೇಗೆ?

ಸೆನ್ಸರ್ ಈಗಾಗಲೇ ಕೊಂಡಿದ್ದರೆ ಮೊದಲು ಏನೂ ಅಲುಗದಂತೆ ಒಂದು ತುಂಡಿನ ಮೇಲೆ ಗುರಿಯಿಟ್ಟು, ಬೆಳಗಿನಿಂದ ಸಂಜೆಯವರೆಗೆ ಅರ್ಧ ಗಂಟೆಗೊಮ್ಮೆ ಅಂಕಿ ಬರೆದಿಡಿ. ಅಂಕಿ ಎಷ್ಟು ಅಲೆದಾಡಿತೋ ಅದಕ್ಕಿಂತ ಸಣ್ಣ ಟಾಲರೆನ್ಸಿನ ಕೆಲಸಕ್ಕೆ ಹಾಗೇ ಬಳಸಬೇಡಿ. ಆಮೇಲೆ ಅದೇ ತುಂಡನ್ನು ತೆಗೆದು ಇಟ್ಟು, ತೆಗೆದು ಇಟ್ಟು ಮೂವತ್ತು ಸಲ ಓದಿ. ಅತಿ ದೊಡ್ಡ ಓದಿಗೂ ಅತಿ ಸಣ್ಣ ಓದಿಗೂ ಇರುವ ಅಂತರ ನೋಡಿ. ಮೂರನೆಯದಾಗಿ ತುಂಡಿನ ಕೆಳಗೆ ಫೀಲರ್ ಗೇಜಿನ 50 ಮೈಕ್ರಾನ್ ಎಲೆ ಇಡಿ, ಆಮೇಲೆ 100ರದ್ದು. ಓದು ಎಲೆಯಷ್ಟೇ ಏರಬೇಕು. 50ಕ್ಕೆ 50 ಏರಿ 100ಕ್ಕೆ 80 ಏರಿದರೆ ಸೆನ್ಸರ್ ತನ್ನ ನೇರ ವ್ಯಾಪ್ತಿಯ ಹೊರಗಿದೆ ಎಂದರ್ಥ. ಎಣ್ಣೆ ಸವರಿದ ತುಂಡು, ಮಸಿ ಬಳಿದ ತುಂಡಿನಲ್ಲೂ ಒಮ್ಮೆ ನೋಡಿ.

ಫೀಲರ್ ಗೇಜ್ ಸವೆದಿರಬಹುದು ಎಂಬ ಅನುಮಾನವಿದ್ದರೆ ಸ್ಲಿಪ್ ಗೇಜ್ ಬಳಸಿ. ಅದೂ ಸರಿ ಇದೆಯೇ ಎಂದು ಎನ್‌ಎಬಿಎಲ್ ಮಾನ್ಯತೆಯ ಯಾವುದೇ ಪ್ರಯೋಗಾಲಯದಲ್ಲಿ ತೋರಿಸಿಕೊಳ್ಳಬಹುದು. ಕೊಡುವ ಪ್ರಮಾಣಪತ್ರದಲ್ಲಿ ಗಾತ್ರದ ಪಕ್ಕದಲ್ಲೇ ಎಷ್ಟು ಮೈಕ್ರಾನ್ ಹೆಚ್ಚುಕಡಿಮೆ ಇರಬಹುದು ಎಂಬ ಇನ್ನೊಂದು ಅಂಕಿ ಇರುತ್ತದೆ. ಫಾರ್ವರ್ಡ್ ಆಗಿ ಬಂದ ವಿಡಿಯೋದಲ್ಲಿ ಈ ಎರಡನೇ ಅಂಕಿ ಎಲ್ಲಿದೆ ಎಂದು ಕಳಿಸಿದವರನ್ನು ಕೇಳಿ ನೋಡಿ.